ಬೆಲ್ಟು ಹರಿದ ಆಲೆಮನೆ

ನಮ್ಮ ದೊಡ್ಡಪ್ಪನ ಆಲೆಮನೆಯ ಬೆಲ್ಟು ಕೈಕೊಟ್ಟದ್ದು ಸಂಕ್ರಾಂತಿ ಹತ್ತಿರ ಬಂದಿದ್ದಾಗ. ಯಾವ ವರ್ಷ ಅಂದರೆ ಹೇಳಲಾರೆ. ನನಗೆ ಮೀಸೆ ಚಿಗುರುತ್ತಿದ್ದ ಕಾಲ. ಊರಿಗೆ ಕರೆಂಟು ಬಂದಿತ್ತು, ಆದರೆ ಅದನ್ನು ನಂಬಿ ಗಾಣ ಹೂಡುವ ಧೈರ್ಯ ಯಾರಿಗೂ ಇರಲಿಲ್ಲ. ಮಳೆ ಮಾತ್ರ ಚೆನ್ನಾಗಿ ನೆನಪಿದೆ. ಮಾಗಿ ಚಳಿಯಲ್ಲಿ ಮಳೆಗೇನು ಕೆಲಸ ಅನ್ನಬಹುದು. ಮದ್ರಾಸಿನ ಕಡೆ ಸಮುದ್ರದಲ್ಲಿ ವಾಯುಭಾರ ಕುಸಿಯಿತು ಅಂದರೆ ನಮ್ಮ ಸೀಮೆಯಲ್ಲಿ ಜಡಿ ಹಿಡಿದೇ ಹಿಡಿಯುತ್ತೆ. ಹೊಡೆದು ಹೋಗುವ ಮಳೆಯಲ್ಲ ಅದು. ಬೆಳಗ್ಗೆಯಿಂದ ಸಂಜೆಯವರೆಗೂ ತೂರುತ್ತಾ, ಒಲೆಗೆಂದು ಒಣಗಲು ಹರವಿದ ರಚ್ಚನ್ನೆಲ್ಲ, ಅಂದರೆ ಹಿಂಡಿದ ಕಬ್ಬಿನ ಸಿಪ್ಪೆಯನ್ನೆಲ್ಲ, ನೆನೆಸಿ, ಒಲೆಗೆ ಉರಿ ಹಾಕುವವನ ಕಣ್ಣಲ್ಲಿ ನೀರು ಬರಿಸುವ ಮಳೆ.

ನಮ್ಮೂರು ಪಾಂಡವಪುರದ ಕಡೆ. ಗದ್ದೆ ಬದುವಿನ ಮೇಲೆ ನಿಂತರೆ ಕುಂತಿಬೆಟ್ಟ ಕಾಣುತ್ತೆ. ನಮ್ಮಜ್ಜಿ ಕೊನೆಯವರೆಗೂ ಪಾಂಡವಪುರ ಅಂದವಳಲ್ಲ. ಅವಳ ಬಾಯಲ್ಲಿ ಅದು ಹಿರೋಡೆ. ಸರ್ಕಾರದ ಹಳೇ ಕಾಗದಗಳಲ್ಲಿ ಫ್ರೆಂಚ್ ರಾಕ್ಸ್ ಅಂತ ಇತ್ತು, ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಬೀಡು ಬಿಟ್ಟಿದ್ದ ಜಾಗ ಅಂತ. ಅಜ್ಜಿ ನಾಲೆ ಇಲ್ಲದ ಕಾಲ ಕಂಡವಳು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ ಮುಗಿಯುವ ಹೊತ್ತಿಗೆ ಇಪ್ಪತ್ತು ವರ್ಷವೇ ಆಯಿತಂತೆ. ಆಮೇಲೆ ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ ಅನ್ನುತ್ತೇವಲ್ಲ ಅದು, ಹುಲಿಕೆರೆಯ ಸುರಂಗ ದಾಟಿಕೊಂಡು ನೀರು ತಂತು. ನೀರಿನ ಹಿಂದೆ ಕಬ್ಬು ಬಂತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ನಿಂತಿತು, ಮುಂದೆ ಪಾಂಡವಪುರದಲ್ಲೂ ಸಹಕಾರಿ ಕಾರ್ಖಾನೆ ಆಯಿತು. ಕಾರ್ಖಾನೆಗೆ ಸಾಗಿಸಿ ಉಳಿದ ಕಬ್ಬು, ಕಡಿಯುವ ಸರದಿ ಬರದೆ ನಿಂತ ಕಬ್ಬು, ಕೈಯಲ್ಲಿ ಬೇಗ ನಾಲ್ಕು ಕಾಸು ಆಡಲಿ ಅನ್ನುವವರ ಕಬ್ಬು, ಇವೆಲ್ಲ ಆಲೆಮನೆಗೆ. ಸಂಕ್ರಾಂತಿ ಮುಂದೆ ಅಂದರೆ ಎಳ್ಳು ಬೆಲ್ಲದ ದಿನ, ಅಚ್ಚು ಬೆಲ್ಲಕ್ಕೆ ಮಂಡ್ಯದ ಮಾರುಕಟ್ಟೆಯಲ್ಲಿ ಒಳ್ಳೇ ಬೆಲೆ. ದೊಡ್ಡಪ್ಪ ವರ್ಷವಿಡೀ ಆ ಎರಡು ವಾರಕ್ಕೆ ಕಾಯುತ್ತಿದ್ದರು.

ಆಲೆಮನೆ ಅಂದರೆ ದೊಡ್ಡ ಕಟ್ಟಡವೇನಲ್ಲ. ಸೋಗೆ ಹೊದಿಸಿದ ಚಪ್ಪರ, ಒಂದು ಮಗ್ಗುಲಲ್ಲಿ ಮೂರು ಉರುಳೆಯ ಕಬ್ಬಿಣದ ಗಾಣ, ಗಾಣದ ಬುಡದಲ್ಲಿ ಕಬ್ಬಿನ ಹಾಲು ಬೀಳುವ ತೊಟ್ಟಿ, ಇನ್ನೊಂದು ಮಗ್ಗುಲಲ್ಲಿ ನೆಲ ಅಗೆದು ಕಟ್ಟಿದ ಒಲೆ, ಅದರ ಮೇಲೆ ಕೊಪ್ಪರಿಗೆ. ಗಾಣದಿಂದ ಒಂದಷ್ಟು ದೂರದಲ್ಲಿ ಎಂಜಿನ್ನು. ನಮ್ಮದು ಲಿಸ್ಟರ್ ಮಾದರಿಯ ನಿಧಾನದ ಎಂಜಿನ್ನು. ನಿಮಿಷಕ್ಕೆ 650 ಸುತ್ತು, ಎರಡು ಕಡೆಗೂ ಭಾರದ ದೊಡ್ಡ ಚಕ್ರ. ಹ್ಯಾಂಡಲ್ಲು ಹಾಕಿ ತಿರುಗಿಸಿ, ಚಕ್ರಕ್ಕೆ ವೇಗ ಬಂದ ಮೇಲೆ ಮೇಲಿನ ಕೀಲಿ ಬಿಟ್ಟರೆ ಒಂದು ಸಲ ಕೆಮ್ಮಿ ಹೊತ್ತಿಕೊಳ್ಳುತ್ತಿತ್ತು. ಎಂಜಿನ್ನನ್ನು ತಣ್ಣಗಿಡಲು ಪಕ್ಕದಲ್ಲೊಂದು ಸಿಮೆಂಟು ತೊಟ್ಟಿ. ಅದರ ನೀರು ಸುತ್ತಿ ಬಂದು ಸುಡುಸುಡು ಆಗಿರುತ್ತಿತ್ತು. ಚಳಿಗಾಲದಲ್ಲಿ ಊರಿನ ಅರ್ಧ ಹುಡುಗರ ಸ್ನಾನ ಆ ನೀರಲ್ಲೇ. ದೊಡ್ಡಪ್ಪ ಬೈಯುತ್ತಿದ್ದರು, ಆದರೆ ಅವರೂ ಕತ್ತಲಲ್ಲಿ ಎದ್ದು ಎಲ್ಲರಿಗಿಂತ ಮುಂಚೆ ಎರಡು ಬಕೆಟ್ಟು ಹುಯ್ದುಕೊಂಡಿರುತ್ತಿದ್ದರು.

ಎಂಜಿನ್ನಿಗೂ ಗಾಣಕ್ಕೂ ನಡುವೆ ಇದ್ದದ್ದು ಆ ಬೆಲ್ಟು. ಐದಿಂಚು ಅಗಲ, ಕ್ಯಾನ್‌ವಾಸು ಬಟ್ಟೆಯ ನಾಲ್ಕು ಪದರಕ್ಕೆ ರಬ್ಬರು ಕೂಡಿಸಿದ್ದು. ಎಂಜಿನ್ನಿನ ಪುಲ್ಲಿ ಚಿಕ್ಕದು, ಗಾಣದ ಪುಲ್ಲಿ ದೊಡ್ಡದು. ಅಲ್ಲಿಂದ ಹಲ್ಲಿನ ಚಕ್ರಗಳಲ್ಲಿ ವೇಗ ಇಳಿದು ಇಳಿದು, ಕೊನೆಗೆ ಉರುಳೆಗಳು ಉಂಡ ಎತ್ತಿನ ನಡಿಗೆಗೆ ಬರುತ್ತಿದ್ದವು. ಗಾಣದ ಅಚ್ಚಿಗೆ ಪುಲ್ಲಿ ಎರಡಿದ್ದವು. ಒಂದು ಸುಮ್ಮನೆ ತಿರುಗುವುದು, ಇನ್ನೊಂದು ಗಾಣ ತಿರುಗಿಸುವುದು. ಮರದ ಕವೆಗೋಲಿನಿಂದ ಬೆಲ್ಟನ್ನು ಅದರಿಂದ ಇದಕ್ಕೆ ಸರಿಸಿದರೆ ಗಾಣ ಹೊರಡುತ್ತಿತ್ತು, ವಾಪಸು ಸರಿಸಿದರೆ ನಿಲ್ಲುತ್ತಿತ್ತು.

ಬೆಲ್ಟಿಗೆ ವಯಸ್ಸಾಗಿತ್ತು. ಅಂಚಿನ ನೂಲೆಲ್ಲ ಎದ್ದು ಪಿಸಿದಿತ್ತು. ಜಾಯಿಂಟಿಗೆ ಹಾಕಿದ್ದ ಕ್ಲಿಪ್ಪುಗಳ ಹತ್ತಿರ ಪದರ ಬಿಡುತ್ತಿತ್ತು. ಹಿಂದೆ ಎಷ್ಟು ಸಲ ಆ ತುದಿ ಕತ್ತರಿಸಿ ಮತ್ತೆ ಜಾಯಿಂಟು ಹಾಕಿದ್ದರೋ ಲೆಕ್ಕವಿಲ್ಲ. ಕತ್ತರಿಸಿದಾಗಲೆಲ್ಲ ಬೆಲ್ಟು ಗಿಡ್ಡವಾಗುತ್ತೆ, ಆಗ ಎಂಜಿನ್ನನ್ನೇ ಗಾಣದ ಕಡೆಗೆ ಒಂದಿಷ್ಟು ಸರಿಸಬೇಕು. ಎಂಜಿನ್ನು ಕೂತ ಕಬ್ಬಿಣದ ಚಾನೆಲ್ಲಿನಲ್ಲಿ ಬೋಲ್ಟಿಗೆ ಉದ್ದನೆಯ ತೂತು ಇರುವುದೇ ಅದಕ್ಕೆ. ಸರಿಸಿ ಸರಿಸಿ ಬೋಲ್ಟು ಆ ತೂತಿನ ಕೊನೆಗೆ ಬಂದು ನಿಂತಿತ್ತು. ಇನ್ನೊಂದು ಬೆರಳು ಜಾಗ ಇರಲಿಲ್ಲ. ದೊಡ್ಡಪ್ಪ ಆಗಾಗ ಬಂದು ಅದನ್ನು ನೋಡುವರು, ಏನೂ ಮಾತಾಡದೆ ಹೋಗುವರು. ರಾತ್ರಿ ಮನೆ ಜಗುಲಿಯಲ್ಲಿ ಕಂಬಳಿ ಹೊದ್ದು ಮಲಗಿದ್ದರೂ ಅವರ ಕಿವಿ ಆಲೆಮನೆಯಲ್ಲೇ. ಗಾಣಕ್ಕೆ ಕಬ್ಬು ಹೆಚ್ಚಾಗಿ ಕೊಟ್ಟರೆ ಬೆಲ್ಟು ಜಾರಿ ಕುಂಯ್ ಅನ್ನುತ್ತಿತ್ತು, ರಬ್ಬರು ಸುಟ್ಟ ವಾಸನೆ ಏಳುತ್ತಿತ್ತು. ಆ ಸದ್ದಿಗೆ ದೊಡ್ಡಪ್ಪ ಮಲಗಿದ ಕಡೆಯಿಂದಲೇ ಕೂಗುತ್ತಿದ್ದರು: "ಕಮ್ಮಿ ಕೊಡ್ರಲಾ, ಕಮ್ಮಿ ಕೊಡಿ!" ಅಷ್ಟು ದೂರದಿಂದ ಕಬ್ಬಿನ ಜಲ್ಲೆ ಎಷ್ಟು ಅಂತ ಅವರಿಗೆ ಹೇಗೆ ತಿಳಿಯುತ್ತಿತ್ತೋ.

ಆ ಜಡಿ ಮಳೆಯಲ್ಲಿ ಬೆಲ್ಟು ನೆನೆಯಿತು. ಚಪ್ಪರದ ಸೋಗೆ ಸೋರುತ್ತಿತ್ತು, ಎಷ್ಟು ಗೋಣಿಚೀಲ ಹೊದಿಸಿದರೂ ನೀರು ತನ್ನ ದಾರಿ ಹುಡುಕಿಕೊಳ್ಳುತ್ತೆ. ಅಂಚು ಪಿಸಿದ ಬೆಲ್ಟಿನೊಳಕ್ಕೆ ತೇವ ಇಳಿದರೆ ಪದರ ಇನ್ನೂ ಬೇಗ ಬಿಡುತ್ತೆ. ಹಿಡಿತ ಬರಲಿ ಅಂತ ಯಾರೋ ರಾಳದ ಪುಡಿ ಉದುರಿಸಿದರು. ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಇದ್ದಕ್ಕಿದ್ದ ಹಾಗೆ ಫಟ್ ಅಂತ ಒಂದು ಸದ್ದು. ಬೆಲ್ಟಿನ ತುದಿ ಚಪ್ಪರದ ಗಳುವಿಗೆ ಬಡಿದು ಕೆಳಗೆ ಬಿತ್ತು. ಭಾರ ಕಳೆದುಕೊಂಡ ಎಂಜಿನ್ನು ಒಂದು ಕ್ಷಣ ಹುಚ್ಚೆದ್ದು ಓಡಿ, ಗವರ್ನರು ಹಿಡಿದ ಮೇಲೆ ಹಗುರವಾಗಿ ಟುಕ್ ಟುಕ್ ಅನ್ನುತ್ತಾ ನಿಂತಿತು. ಗಾಣದ ಬಾಯಲ್ಲಿ ಅರ್ಧ ನುಂಗಿದ ಕಬ್ಬು ಹಾಗೇ ಉಳಿಯಿತು. ದೇವರ ದಯೆ, ಯಾರಿಗೂ ಏಟಾಗಲಿಲ್ಲ.

"ಏನ್ಲಾ ಅದು?" ಅಂತ ದೊಡ್ಡಪ್ಪ ಓಡಿಬಂದರು.

"ಬೆಲ್ಟು ಹೋಯ್ತು ಕಣಣ್ಣೋ!" ಅಂದರು ಚಿಕ್ಕಪ್ಪ.

ಇಲ್ಲಿ ಒಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಒಂದು ಬೆಲ್ಟಿಗೆ ಇಷ್ಟು ಗಾಬರಿ ಯಾಕೆ ಅನ್ನಿಸುತ್ತೆ. ಆಲೆಮನೆಯಲ್ಲಿ ಯಾವುದೂ ನಿಂತು ಕಾಯುವುದಿಲ್ಲ. ಕಬ್ಬಿನ ಹಾಲು ಕೆಲವೇ ಗಂಟೆಗಳಲ್ಲಿ ಹುಳಿ ತಿರುಗುತ್ತೆ, ಹುಳಿ ಹಾಲಿಗೆ ಎಷ್ಟು ಸುಣ್ಣ ಹಾಕಿದರೂ ಬೆಲ್ಲ ಗಟ್ಟಿಯಾಗಿ ಕೂರುವುದಿಲ್ಲ. ಕಡಿದ ಕಬ್ಬು ದಿನ ಕಳೆದಷ್ಟೂ ತೂಕವನ್ನೂ ಸಿಹಿಯನ್ನೂ ಕಳೆದುಕೊಳ್ಳುತ್ತೆ. ಒಲೆಯೋ, ಒಮ್ಮೆ ಕಾದರೆ ಸುಲಭಕ್ಕೆ ಆರುವುದಲ್ಲ. ಪಾಕ ಇಳಿಸಿದ ಮೇಲೆ ಬರಿಗೊಪ್ಪರಿಗೆ ಅದರ ಮೇಲೆ ಕೂತರೆ ತಳ ಸುಟ್ಟುಹೋಗುತ್ತೆ, ಕೂಡಲೇ ಹಾಲು ತುಂಬಬೇಕು. ಆಗ ಕೊಪ್ಪರಿಗೆಯಲ್ಲಿ ಪಾಕ ಬರುತ್ತಿತ್ತು, ತೊಟ್ಟಿಯಲ್ಲಿ ಹಾಲು ಅರ್ಧಕ್ಕಿತ್ತು, ಗಾಡಿಯಲ್ಲಿ ಕಡಿದ ಕಬ್ಬು ಇತ್ತು.

ದೊಡ್ಡಪ್ಪ ಗಂಡಸರ ಮೇಲೆಲ್ಲ ಕೂಗಾಡುತ್ತಾ ನಿಂತರು. ಕೆಲಸ ನಡೆಸಿದ್ದು ನಮ್ಮಜ್ಜಿ. ಗೊರಗ ಹೊದ್ದುಕೊಂಡು ಮಳೆಯಲ್ಲೇ ಬಂದಳು. ಬಂದವಳು ಮೊದಲು ಒಲೆ ನೋಡಿದಳು. "ಉರಿ ತಗ್ಸಿ. ಈ ಪಾಕ ಇಳ್ಸಿ ಅರ್ಧ ಹಾಲೇ ಹುಯ್ರಿ, ಸಣ್ಣ ಉರೀಲಿ ಬೇಯ್ಲಿ. ಕಬ್ಬಿನ ಮ್ಯಾಲೆ ಸೋಗೆ ಹೊದ್ಸಿ ನೀರು ಚುಮುಕ್ಸಿ, ನಾಳೆಗಂಟ ತಡೀತದೆ." ಕಬ್ಬು ಒಣಗದಂತೆ ತರಗು ಮುಚ್ಚಿ ತಂಪಾಗಿಟ್ಟರೆ ಕೆಡುವುದು ನಿಧಾನವಾಗುತ್ತೆ ಅಂತ ಮಂಡ್ಯದ ವಿ.ಸಿ. ಫಾರಂನ ಕೃಷಿ ಸಂಶೋಧನೆಯವರು ಹೇಳುವುದನ್ನು ಆಮೇಲೆ ಕೇಳಿದೆ. ಅಜ್ಜಿಗೆ ಅದು ಯಾರೂ ಹೇಳಿಕೊಟ್ಟದ್ದಲ್ಲ. ತೊಟ್ಟಿ ತಳದಲ್ಲಿ ಉಳಿದ ಹಾಲಿಗೆ, "ಊರಿಗೆ ಕೂಗ್ ಹಾಕ್ರಲಾ, ಚೆಂಬು ತಂದೋರ್ಗೆಲ್ಲ ಕೊಡಿ" ಅಂದಳು. ಆ ರಾತ್ರಿ ನಮ್ಮ ಕೇರಿಯ ಎಲ್ಲ ಮನೆಯಲ್ಲೂ ಕಬ್ಬಿನ ಹಾಲಿನ ಪಾಯಸ. ಹೊಸ ಅಕ್ಕಿಯನ್ನು ಕಬ್ಬಿನ ಹಾಲಲ್ಲೇ ಬೇಯಿಸಿ, ಕಾಯಿತುರಿ ಹಾಕಿ, ಏಲಕ್ಕಿ ಇದ್ದರೆ ಒಂದು ಕುಟ್ಟಿ ಹಾಕಿ ಮಾಡುವುದು. ಬಿಸಿಗಿಂತ ಬೆಳಗ್ಗೆ ತಣ್ಣಗೆ ತಿಂದರೆ ರುಚಿ ಹೆಚ್ಚು. ಅನ್ನ ಹಾಲೆಲ್ಲ ಕುಡಿದು ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿರುತ್ತೆ.

ಮಾರನೇ ಬೆಳಗ್ಗೆ ಚಿಕ್ಕಪ್ಪನ ಜಾವಾ ಬೈಕಿನಲ್ಲಿ ಅವರೂ ನಾನೂ ಬೆಲ್ಟು ಹುಡುಕಿಕೊಂಡು ಹೊರಟೆವು. ಜಾವಾ ಆಗ ಮೈಸೂರಲ್ಲೇ ತಯಾರಾಗುತ್ತಿದ್ದ ಬೈಕು. ನಮ್ಮ ಕಡೆ ಅದಿಲ್ಲದ ಊರಿರಲಿಲ್ಲ. ಪಾಂಡವಪುರದ ಅಂಗಡಿಯಲ್ಲಿ ವಿ ಬೆಲ್ಟು ಬೇಕಾದಷ್ಟಿದ್ದವು, ಅಗಲದ ಬೆಲ್ಟು ಇರಲಿಲ್ಲ. ತರಿಸಿಕೊಡಲು ವಾರ ಆಗುತ್ತೆ ಅಂದರು. ವಾರ ಅಂದರೆ ಹಬ್ಬದ ಬಾಗಿಲಿಗೆ ಬಂತಲ್ಲ. ಕೆ.ಆರ್. ಪೇಟೆ ಕಡೆ ದೊಡ್ಡವ್ವನ ತಮ್ಮ ಒಬ್ಬರು ಆಲೆಮನೆ ಇಟ್ಟಿದ್ದರು, ಅವರ ಹತ್ತಿರ ಹಳೇದಾದರೂ ಇರಬಹುದು ಅಂತ ಚಿನಕುರಳಿ ದಾರಿ ಹಿಡಿದೆವು. ಮಳೆ ಸಣ್ಣಗೆ ಮುಖಕ್ಕೆ ಹೊಡೆಯುತ್ತಿತ್ತು. ಚಿಕ್ಕಪ್ಪ ದಾರಿಯುದ್ದಕ್ಕೂ ಹಾಡುವವರು. ಕಿಕ್ಕೇರಿ ಕೆ.ಆರ್. ಪೇಟೆ ತಾಲ್ಲೂಕಿನದೇ, ಕೆ.ಎಸ್. ನರಸಿಂಹಸ್ವಾಮಿಯವರ ಊರು. ಆ ಕಡೆಗೆ ಬೈಕು ತಿರುಗಿತು ಅಂದರೆ ಅವರದೇ ಒಂದು ಪದ್ಯ ಚಿಕ್ಕಪ್ಪನ ಬಾಯಿಗೆ ತಾನಾಗಿ ಬರುತ್ತಿತ್ತು. ಬೆಲ್ಟು ಹೋಗಿದೆ, ಅಣ್ಣ ಮನೆಯಲ್ಲಿ ಉರಿಯುತ್ತಿದ್ದಾರೆ, ಇವರು ಹಾಡುತ್ತಿದ್ದಾರೆ.

ಮಾವನ ಆಲೆಮನೆ ನಡೆಯುತ್ತಿತ್ತು. ನಾವು ಹೋದ ಹೊತ್ತಿಗೆ ಪಾಕ ಇಳಿಸುತ್ತಿದ್ದರು. ಪಾಕ ನೋಡುವ ಮುದುಕ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ತೊಟ್ಟಿಯ ಕಟ್ಟೆಗೆ ಹೊಡೆದು ಸದ್ದು ಕೇಳಿದ. ಟಣ್ ಅಂದರೆ ಆಯಿತು. 118 ಡಿಗ್ರಿಗೆ ಬೆಲ್ಲ ಕಟ್ಟುತ್ತೆ ಅಂತ ಪುಸ್ತಕ ಹೇಳುತ್ತೆ, ಆ ಮುದುಕನಿಗೆ ಆ ಸದ್ದೇ ಸಾಕು. ನೊರೆ ಉಕ್ಕಿದರೆ ಒಂದೆರಡು ಹನಿ ಹರಳೆಣ್ಣೆ, ಕೊಳೆ ಎತ್ತಲು ಬೆಂಡೆಗಿಡ ಜಜ್ಜಿದ ಲೋಳೆ, ಇಷ್ಟೇ ಅವನ ಸಾಮಾನು. ಮಾವ ಬಿಸಿ ಬೆಲ್ಲವನ್ನು ಕಬ್ಬಿನ ಗರಿಯ ಮೇಲೆ ಹಾಕಿಸಿ, ಪಾಕದಲ್ಲಿ ಅದ್ದಿ ತೆಗೆದ ಕೊಬ್ಬರಿ ಚೂರು ಕೊಟ್ಟರು. ಬೆಲ್ಟು ಇರಲಿಲ್ಲ. ಆದರೆ ಮಾವ ಒಂದು ದಾರಿ ಹೇಳಿದರು. "ನಾಗಮಂಗಲದ ಆಚಾರ್ರನ್ನ ಹಿಡೀರಿ. ಈ ನಾಲ್ಕು ತಾಲ್ಲೂಕಲ್ಲಿ ಯಾವ ಗಾಣ ನಡೀತಾ ಅದೆ, ಯಾವ ಗಿರಣಿ ನಿಂತಿದೆ ಅವ್ರಿಗೆ ಗೊತ್ತು."

ನಾಗಮಂಗಲ ಅಂದರೆ ನಮಗೆ ಬೇರೆಯದೇ ಸೀಮೆ. ನಾಲೆ ನೀರಿನ ಹಸಿರು ಮುಗಿದು ರಾಗಿ ಹೊಲ, ಹುರುಳಿ ಹೊಲ, ಕೆಂಪು ಮಣ್ಣು, ತೆಂಗು. ಹಿತ್ತಾಳೆ, ಕಂಚಿನ ಎರಕಕ್ಕೆ ಹೆಸರಾದ ಊರು. ಆಚಾರ್ರ ಮನೆಯಲ್ಲಿ ಹಿಂದಿನವರೆಲ್ಲ ದೀಪದ ಕಂಬ, ಗಂಟೆ ಎರೆದವರು. ಇವರು ಎಂಜಿನ್ನಿನ ಕೆಲಸ ಹಿಡಿದಿದ್ದರು. ಸಣ್ಣ ಆಳು, ಕಿವಿಯ ಮೇಲೆ ಸೀಮೆಸುಣ್ಣ. ಅವರಿಗೊಂದು ಅಭ್ಯಾಸ. ಯಾವುದನ್ನೂ ಮೂಸಿ ನೋಡದೆ ಮುಟ್ಟುತ್ತಿರಲಿಲ್ಲ. ಚಿಕ್ಕಪ್ಪ ಸಾಕ್ಷಿಗೆ ತಂದಿದ್ದ ಹರಿದ ಬೆಲ್ಟಿನ ತುಂಡನ್ನು ಇಸಕೊಂಡು ಮೂಸಿದರು. "ರಾಳ ಹಾಕೀರಿ. ಅದಕ್ಕೂ ಮುಂಚೆ ಯಾವಾಗ್ಲೋ ಹರಳೆಣ್ಣೆ ಬಿದ್ದದೆ. ಹರಳೆಣ್ಣೆ ಏನಿದ್ರೂ ತೊಗಲಿನ ಬೆಲ್ಟಿಗೆ ಸ್ವಾಮಿ, ರಬ್ಬರಿಗಲ್ಲ." ಆಮೇಲೆ ಕಣ್ಣು ಮುಚ್ಚಿ ಒಂದು ಗಳಿಗೆ ಕೂತರು. ಶ್ರೀರಂಗಪಟ್ಟಣದ ಹತ್ತಿರ ಒಂದು ಅಕ್ಕಿ ಗಿರಣಿ ನಿಂತಿದೆ, ಅದರ ಶಾಫ್ಟು ತಾವೇ ಕೂರಿಸಿದ್ದು, ಬೆಲ್ಟುಗಳನ್ನು ಯಜಮಾನರು ಮಾರಿರಲಾರರು ಅಂದರು. ಚೀಲ ಹೆಗಲಿಗೇರಿಸಿ ಬೈಕು ಹತ್ತೇಬಿಟ್ಟರು. ಒಂದೇ ಜಾವಾದಲ್ಲಿ ಮೂವರು.

ಜಕ್ಕನಹಳ್ಳಿಯಲ್ಲಿ ಟೀ ಕುಡಿದದ್ದು ನೆನಪಿದೆ. ಅಲ್ಲಿಂದ ಮೇಲುಕೋಟೆ ಬೆಟ್ಟ ಮೋಡದೊಳಗೆ ಮುಚ್ಚಿಹೋಗಿತ್ತು. ಆಚಾರ್ರು ವಡೆಯನ್ನು ಮೂಸಿ ನೋಡಿ, ಎಣ್ಣೆ ಹಳೇದು ಅಂತ ತಟ್ಟೆಗೆ ವಾಪಸು ಇಟ್ಟರು. ನಾನು ಅದನ್ನೂ ತಿಂದೆ. ಶ್ರೀರಂಗಪಟ್ಟಣ ಮುಟ್ಟುವ ಹೊತ್ತಿಗೆ ಮಳೆ ನಿಂತು, ಕಾವೇರಿ ಮೇಲೆ ತೆಳ್ಳಗೆ ಬಿಸಿಲು ಬಿದ್ದಿತ್ತು.

ಗಿರಣಿಯ ಬಾಗಿಲು ತೆಗೆದರೆ ಒಳಗೆ ಹೊಟ್ಟಿನ ದೂಳು ಬೂದು ಬಣ್ಣಕ್ಕೆ ತಿರುಗಿ ಎಲ್ಲದರ ಮೇಲೂ ಕೂತಿತ್ತು. ಮೇಲೆ ಗೋಡೆಯಿಂದ ಗೋಡೆಗೆ ಒಂದು ಉದ್ದ ಶಾಫ್ಟು, ಅದರ ತುಂಬ ಸಣ್ಣ ದೊಡ್ಡ ಪುಲ್ಲಿ. ಒಂದು ಕಾಲದಲ್ಲಿ ಒಂದೇ ಎಂಜಿನ್ನು ಆ ಶಾಫ್ಟನ್ನು ತಿರುಗಿಸಿದರೆ ಕೆಳಗಿನ ಯಂತ್ರಗಳೆಲ್ಲ ಬೆಲ್ಟಿನಲ್ಲೇ ನಡೆಯುತ್ತಿದ್ದವು. ಯಜಮಾನರು ಮಾತಿನ ಪ್ರಿಯರು. ನಾವು ಬೆಲ್ಲದವರು ಅಂತ ತಿಳಿದದ್ದೇ ಪಾಲಹಳ್ಳಿಯ ಕಥೆ ತೆಗೆದರು. 1847ರಲ್ಲಿ ಗ್ರೋವ್ಸ್ ಕಂಪನಿಯವರು ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಹಾಕಿದ್ದರಂತೆ. ರೈತರು ಮಾಡಿದ ಬೆಲ್ಲವನ್ನು ಕೊಂಡು, ಕರಗಿಸಿ, ಶುದ್ಧಿ ಮಾಡಿ ಸಕ್ಕರೆ ಮಾಡುವುದು. ಆ ಸಕ್ಕರೆಗೆ 1851ರಲ್ಲಿ ಲಂಡನ್ನಿನ ದೊಡ್ಡ ಪ್ರದರ್ಶನದಲ್ಲಿ ಬಹುಮಾನ ಬಂತು. "ಆ ಬೆಲ್ಲ ಬೇಯಿಸಿದವ್ರು ಈ ಅಷ್ಟಗ್ರಾಮದ ನಮ್ಮ ನಿಮ್ಮ ಹಿರೀಕರೇ ಅಲ್ವೇನಯ್ಯಾ?" ಅಂತ ಕೇಳಿದರು. ನನ್ನ ಮೈ ಜುಂ ಅಂದಿತು. ಆ ಮಾತು ಕೇಳಿದ ಮೇಲೆ ಆಲೆಮನೆಯ ಹೊಗೆಯಲ್ಲಿ ಕೂರುವ ನಮ್ಮವರನ್ನು ನೋಡುವ ನನ್ನ ಕಣ್ಣೇ ಬದಲಾಯಿತು.

ಆಚಾರ್ರು ಅಷ್ಟರಲ್ಲಿ ಏಣಿ ಹತ್ತಿದ್ದರು. ಗೂಟಕ್ಕೆ ನೇತು ಹಾಕಿದ್ದ ಬೆಲ್ಟುಗಳನ್ನು ಒಂದೊಂದಾಗಿ ಇಳಿಸಿ, ಹೊರಮೈ ಮೇಲೆ ಬರುವಂತೆ ಮಡಿಚಿ ಬಿರುಕು ನೋಡಿದರು, ಉಗುರಲ್ಲಿ ಅಂಚು ಕೆರೆದರು, ಮೂಸಿದರು. ಒಂದನ್ನು ಇಲಿ ಕಡಿದಿತ್ತು. ಒಂದು ತೆಳು. ಮೂರನೆಯದೋ ನಾಲ್ಕನೆಯದೋ ಸರಿಹೋಯಿತು. ಐದಿಂಚಿನದು, ನಾಲ್ಕು ಪದರ, ನಮಗೆ ಬೇಕಾದ್ದಕ್ಕಿಂತ ಉದ್ದ. ಚಿಕ್ಕಪ್ಪ ಅಂಗಿ ಜೇಬಿಗೆ ಕೈ ಹಾಕಿದರೆ ಯಜಮಾನರು, "ಹಬ್ಬಕ್ಕೆ ಹೊಸ ಬೆಲ್ಲ ಕಳಿಸಿ, ದುಡ್ಡಿನ ಮಾತು ಆಮೇಲೆ" ಅಂದರು. ಬೆಲ್ಟಿನ ಸುರುಳಿ ಮತ್ತು ಆಚಾರ್ರು ಪಾಂಡವಪುರದವರೆಗೆ ಬಸ್ಸಿನಲ್ಲಿ ಬಂದರು. ಅಲ್ಲಿಂದ ನಮ್ಮ ಗಾಡಿ.

ರಾತ್ರಿ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಕೆಲಸ ಶುರುವಾಯಿತು. ದೊಡ್ಡವ್ವ ಮುದ್ದೆ, ಹಿದುಕಿದವರೆ ಸಾರು ಮಾಡಿ ಕಳಿಸಿದ್ದರು. ಆಚಾರ್ರು ಸಾರನ್ನು ಮೂಸಿದರು, ಏನೂ ಹೇಳದೆ ಎರಡು ಮುದ್ದೆ ಉಂಡರು. ಆಮೇಲೆ ಬೆಲ್ಟಿನ ಕಡೆ ನೋಡಲೇ ಇಲ್ಲ. ಮೊದಲು ಎಂಜಿನ್ನಿನ ಬೋಲ್ಟು ಸಡಿಲಿಸಿ, ಹಾರೆ ಹಾಕಿ ಮೀಟಿಸಿ, ಗಾಣದಿಂದ ಹಿಂದಕ್ಕೆ ತಳ್ಳಿಸಿದರು. ಮುಂದೆ ಬೆಲ್ಟಿನ ತುದಿ ಕತ್ತರಿಸಬೇಕಾದಾಗ ಎಂಜಿನ್ನನ್ನು ಗಾಣದ ಕಡೆಗೆ ಸರಿಸಲು ಜಾಗ ಬೇಕಲ್ಲ. ಆಮೇಲೆ ಒಂದು ಹುರಿ ತೆಗೆದು ಗಾಣದ ಪುಲ್ಲಿಯ ಮಗ್ಗುಲಿಂದ ಎಂಜಿನ್ನಿನ ಪುಲ್ಲಿಯ ಮಗ್ಗುಲಿಗೆ ಬಿಗಿಯಾಗಿ ಹಿಡಿದರು. ಹುರಿ ಎರಡು ಪುಲ್ಲಿಗಳ ಎರಡೆರಡು ಅಂಚನ್ನೂ ಮುಟ್ಟಬೇಕು. ಒಂದು ಕಡೆ ದಾರದಷ್ಟು ಸಂದು ಕಂಡಿತು. ಅಷ್ಟಕ್ಕೆ ಎಂಜಿನ್ನಿನ ಹಿಂಭಾಗವನ್ನು ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ತಿರುಗಿಸಿದರು. ದೊಡ್ಡಪ್ಪನಿಗೆ ತಾಳ್ಮೆ ಕೆಟ್ಟಿತು.

"ಆಚಾರ್ರೇ, ಕಬ್ಬು ಕೆಡ್ತಾ ಅದೆ, ಬೆಲ್ಟು ಹಾಕಿ ಅಂದ್ರೆ ಎಂಜಿನ್ ಕುಣಿಸ್ತಾ ಕುಂತಿದೀರಿ."

"ಗೌಡ್ರೇ, ನಿಮ್ಮ ಹಳೇ ಬೆಲ್ಟಿನ ಒಂದಂಚು ಮಾತ್ರ ಪಿಸಿದಿತ್ತು, ನೋಡಿದ್ರಾ? ಈ ಸಂದು ಹಿಂಗೇ ಬುಟ್ರೆ ಇದ್ನೂ ಅದೇ ತಿನ್ನೋದು" ಅಂದರು ಆಚಾರ್ರು. ದೊಡ್ಡಪ್ಪ ಹೋಗಿ ಹಳೇ ಬೆಲ್ಟನ್ನು ದೀಪಕ್ಕೆ ಹಿಡಿದು ನೋಡಿ ಬಂದರು. ಆಮೇಲೆ ಮಾತಾಡಲಿಲ್ಲ, ತಾವೇ ಪೆಟ್ರೋಮ್ಯಾಕ್ಸ್ ಎತ್ತಿ ಹಿಡಿದು ನಿಂತರು.

ಅಳತೆಯೂ ಹುರಿಯಲ್ಲೇ. ಎರಡು ಪುಲ್ಲಿಗೂ ಸುತ್ತಿ, ಗಂಟು ಹಾಕಿ, ಬಿಚ್ಚಿ, ನೆಲದ ಮೇಲೆ ಬೆಲ್ಟಿನ ಪಕ್ಕ ಉದ್ದಕ್ಕೆ ಹಾಸಿದರು. ಮೂವತ್ತಡಿ ಚಿಲ್ಲರೆ ಬಂತು. ಅದರಲ್ಲಿ ನಾಲ್ಕು ಬೆರಳು ಕಳೆದು ಸೀಮೆಸುಣ್ಣದಲ್ಲಿ ಗೀಟು ಎಳೆದರು. ಬೆಲ್ಟು ಓಡುತ್ತಾ ಓಡುತ್ತಾ ನೂರಕ್ಕೊಂದರಷ್ಟು ಹಿಗ್ಗುತ್ತೆ, ಅದನ್ನು ಮೊದಲೇ ಹಿಡಿದುಕೊಳ್ಳಬೇಕು. ಮೂಲೆಮಟ್ಟ ಇಟ್ಟು ಕತ್ತರಿಸಿದರು. ತುದಿ ಕೂದಲೆಳೆಯಷ್ಟು ಓರೆಯಾದರೂ ಬೆಲ್ಟು ಪ್ರತಿ ಸುತ್ತಿಗೂ ಪಕ್ಕಕ್ಕೆ ಎಳೆಯುತ್ತೆ.

ಕ್ಲಿಪ್ಪು ಬೇಡ ಅಂದರು. ಚೀಲದಿಂದ ಎಮ್ಮೆ ತೊಗಲಿನ ದಾರ ತೆಗೆದರು, ಹರಳೆಣ್ಣೆ ಸವರಿ ಮಿದು ಮಾಡಿದ್ದು. ಅದನ್ನು ನಾನೇ ಮೂಸಿ ನೋಡಿದೆ. ಅವರಿಗೆ ಅದು ಇಷ್ಟವಾಯಿತು ಅಂತ ಕಾಣುತ್ತೆ, ದಾರದ ಇನ್ನೊಂದು ತುದಿ ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡರು. ಬೆಲ್ಟಿನ ಎರಡು ತುದಿಗೂ ಎರಡೆರಡು ಸಾಲು ತೂತು, ಒಂದು ಸಾಲಿನ ತೂತಿನ ಎದುರು ಇನ್ನೊಂದು ಸಾಲಿನ ತೂತು ಬರದ ಹಾಗೆ. ಎದುರುಬದುರು ಬಂದರೆ ಬೆಲ್ಟು ಅಲ್ಲೇ ಹರಿಯುತ್ತೆ. ಮರದ ತುಂಡಿನ ಮೇಲೆ ಮಡಗಿ ದುಂಡು ಉಳಿಯಿಂದ ಒಂದೇ ಏಟಿಗೆ ಒಂದು ತೂತು. ಹೆಣಿಗೆ ನಡುವಿನಿಂದ ಶುರು, ಒಂದಂಚಿಗೆ ಹೋಗಿ ವಾಪಸು ನಡುವಿಗೆ, ಆಮೇಲೆ ಇನ್ನೊಂದಂಚಿಗೆ. ಪುಲ್ಲಿಗೆ ತಾಗುವ ಮೈಯಲ್ಲಿ ದಾರ ಬೆಲ್ಟಿನ ಉದ್ದಕ್ಕೆ ನೇರವಾಗಿ ಮಲಗಬೇಕು. ಒಂದರ ಮೇಲೊಂದು ಹಾಯುವುದೆಲ್ಲ ಹೊರಮೈಗೆ. ಪುಲ್ಲಿ ಕಡೆ ದಾರ ದಾರವನ್ನು ದಾಟಿದರೆ ಆ ಉಬ್ಬೇ ಮೊದಲು ಸವೆಯೋದು. ಅವರ ಬೆರಳು ಮೊಂಡು, ಉಗುರೆಲ್ಲ ಕರಿ. ಹೆಣಿಗೆ ಮಾತ್ರ ಹೊರಮೈಯಲ್ಲಿ ಮದುವೆ ಹೆಣ್ಣಿನ ಜಡೆ ಹೆಣೆದ ಹಾಗೆ ಕೂತಿತ್ತು.

ಬೆಲ್ಟು ಏರಿಸುವಾಗ ಎಂಜಿನ್ನು ನಡೆಸಲು ಬಿಡಲಿಲ್ಲ. ಓಡುವ ಪುಲ್ಲಿಗೆ ಬೆಲ್ಟು ಏರಿಸಲು ಹೋಗಿ ಬೆರಳು ಕಳೆದುಕೊಂಡವರನ್ನು ಅವರು ಕಂಡಿದ್ದರು. ಚಿಕ್ಕಪ್ಪ ಚಕ್ರವನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿದರು, ಬೆಲ್ಟು ತಾನಾಗಿ ಹತ್ತಿ ಕೂತಿತು. ನಡುಮಧ್ಯೆ ಅಂಗೈ ಇಟ್ಟು ಅದುಮಿ ನೋಡಿದರು. ತೀರಾ ಬಿಗಿದರೆ ಬೇರಿಂಗು ಹೋಗುತ್ತೆ, ಸಡಿಲ ಬಿಟ್ಟರೆ ಜಾರುತ್ತೆ. ಎಳೆಯುವ ಮಗ್ಗುಲು ಕೆಳಗಿರಬೇಕು, ಸಡಿಲ ಮೇಲಿರಬೇಕು. ಆಗ ಮೇಲಿನ ಬೆಲ್ಟು ಜೋತು ಪುಲ್ಲಿಯನ್ನು ಇನ್ನಷ್ಟು ತಬ್ಬಿಕೊಳ್ಳುತ್ತೆ. ಇಷ್ಟನ್ನೂ ನನಗೆ ಹೇಳುತ್ತಲೇ ಮಾಡಿದರು. ಗಾಣದ ಪುಲ್ಲಿಯ ಮೇಲೆ ನನ್ನ ಅಂಗೈ ಹಿಡಿದು ಸವರಿಸಿ, "ನಡು ಕೊಂಚ ಉಬ್ಬಿಲ್ವಾ? ಬೆಲ್ಟು ಯಾವಾಗ್ಲೂ ಉಬ್ಬಿದ ಕಡೀಕೆ ಹತ್ತೋದು. ಅದ್ಕೇ ಅದು ನಡೂಲೇ ಓಡೋದು" ಅಂದರು. ಅದುವರೆಗೂ ಬೆಲ್ಟು ಯಾಕೆ ಬೀಳೋದಿಲ್ಲ ಅಂತ ನಾನು ಯೋಚನೆ ಮಾಡಿರಲೇ ಇಲ್ಲ.

ಎಂಜಿನ್ನು ಹೊತ್ತಿಕೊಂಡಾಗ ಕೋಳಿ ಕೂಗುವ ಹೊತ್ತಿರಬೇಕು, ಅಥವಾ ಅದಕ್ಕೂ ಮುಂಚೆಯೋ. ಕವೆಗೋಲಿನಿಂದ ಬೆಲ್ಟು ಸರಿಸಿದರು. ಗಾಣ ಒಮ್ಮೆ ಮುಲುಗಿ, ನುಂಗದೆ ಉಳಿಸಿದ್ದ ಕಬ್ಬನ್ನು ನುಂಗಿತು. ಅಜ್ಜಿ ತೇವ ಮಾಡಿಟ್ಟಿದ್ದ ಕಬ್ಬು ಹಾಲು ಬಿಡಲು ಶುರುಮಾಡಿತು. ಜಲ್ಲೆ ಜಾಸ್ತಿ ಕೊಟ್ಟು ನೋಡಿದರು, ಕುಂಯ್ ಅನ್ನಲಿಲ್ಲ. ಆ ಕೊಪ್ಪರಿಗೆಯ ಬೆಲ್ಲ ಬಣ್ಣದಲ್ಲಿ ಒಂದು ಕೈ ಕಪ್ಪಾಗಿ ಬಂತು, ಒಂದು ದಿನ ಕಾದ ಕಬ್ಬಲ್ಲವೇ. ಅದನ್ನು ಮನೆಗೆ ಇಟ್ಟುಕೊಂಡೆವು. ಆಮೇಲಿನದೆಲ್ಲ ಹೊಂಬಣ್ಣಕ್ಕೆ ಬಂದು ಮಂಡ್ಯಕ್ಕೆ ಹೋಯಿತು. ಗಿರಣಿ ಯಜಮಾನರಿಗೆ ದೊಡ್ಡಪ್ಪ ಬೆಲ್ಲವನ್ನೂ ಕಳಿಸಿದರು, ದುಡ್ಡನ್ನೂ ಕಳಿಸಿದರು.

ಹಬ್ಬ ಕಳೆದ ಮೇಲೆ ಆಚಾರ್ರು ಹೇಳಿದ ಮಾತಿಗೆ ಸರಿಯಾಗಿ ಬಂದರು. ಬೆಲ್ಟು ಹಿಗ್ಗಿತ್ತು. ಎಂಜಿನ್ನನ್ನು ಹಿಂದಕ್ಕೆ ಸರಿಸಿದರೂ ಸಾಕಾಗಲಿಲ್ಲ, ಎರಡು ಬೆರಳು ಕತ್ತರಿಸಬೇಕಾಯಿತು. ಹೆಣಿಗೆ ಬಿಚ್ಚಿ, ಉಳಿ ನನ್ನ ಮುಂದೆ ಇಟ್ಟು, ತಾವು ಎಲೆ ಅಡಿಕೆ ಹಾಕಿಕೊಂಡು ರಚ್ಚಿನ ಬಣವೆಗೆ ಒರಗಿದರು. ಮೊದಲನೇ ತೂತಿಗೆ ನನ್ನ ಕೈ ನಡುಗಿತು, ಆಮೇಲೆ ಇಲ್ಲ. ಮುಗಿದ ಮೇಲೆ ಬಂದು ಬೆಲ್ಟನ್ನು ಮಗುಚಿ ಒಳಮೈ ನೋಡಿದರು. ದಾರವೆಲ್ಲ ನೇರವಾಗಿ ಮಲಗಿತ್ತು. ಜಾಯಿಂಟನ್ನು ಮೂಗಿನ ಹತ್ತಿರ ಹಿಡಿದರು. ದೊಡ್ಡಪ್ಪನ ಕಡೆ ತಿರುಗಿ, "ಮುಂದಿನ ತಿಂಗಳು ಪೇಟೆ ಕಡೆ ಇವನ ಮಾವನ ಗಾಣದ್ದು ಬಿಚ್ಚಬೇಕು ಗೌಡ್ರೇ. ಹುಡುಗನ್ನ ಕಳ್ಸಿ" ಅಂದರು.

ದೊಡ್ಡಪ್ಪ ಕಳಿಸಿದರು. ಆ ಬೇಸಿಗೆಯೆಲ್ಲ ಅವರ ಚೀಲ ಹೊತ್ತುಕೊಂಡು ಕಿಕ್ಕೇರಿ, ಬೆಳ್ಳೂರು, ಪಾಲಹಳ್ಳಿ ಕಡೆಯ ಆಲೆಮನೆ, ಗಿರಣಿಗಳನ್ನು ಸುತ್ತಿದೆ.